‘ಸ್ವಲ್ಪ ಜುಮ್ ಅಂದಿತು ಅಷ್ಟೆ’: ಕಟ್ಟುತ್ತಿರುವ ಮನೆಯಲ್ಲಿ ಕರೆಂಟು

ಪ್ರಶ್ನೆ: ತುಮಕೂರಿನಲ್ಲಿ 30×40 ಸೈಟಿನಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಕಾಲಮ್‌ಗಳು ಎದ್ದಿವೆ, ಮೂರು ವಾರದಲ್ಲಿ ಮೋಲ್ಡ್ (ಚಾವಣಿಯ ಕಾಂಕ್ರೀಟ್) ಹಾಕಬೇಕು. ಮೊನ್ನೆ ಮಳೆ ಬಂದ ಮರುದಿನ ಕಾಲಮ್‌ಗೆ ಕಾಂಕ್ರೀಟ್ ತುಂಬುವಾಗ ವೈಬ್ರೇಟರ್ (ಕಾಂಕ್ರೀಟನ್ನು ನಡುಗಿಸಿ ಕೂರಿಸುವ ಮಷೀನು) ಹಿಡಿದಿದ್ದ ಹುಡುಗನಿಗೆ ಶಾಕ್ ಹೊಡೆಯಿತು. ಕೈ ಕೊಡವಿಕೊಂಡು ಪಕ್ಕಕ್ಕೆ ಬಂದ. ‘ಸ್ವಲ್ಪ ಜುಮ್ ಅಂದಿದೆ ಅಷ್ಟೆ ಸಾರ್, ಮಳೆಗಾಲದಲ್ಲಿ ಇದ್ದಿದ್ದೇ’ ಅಂದರು ಮೇಸ್ತ್ರಿ. ಎಲೆಕ್ಟ್ರಿಷಿಯನ್ ‘ಎಂಸಿಬಿ ಇದೆ, ಅರ್ತ್ ಇದೆ, ಭಯ ಬೇಡ’ ಅನ್ನುತ್ತಾರೆ. ಮನೆ ಮುಂದೆ 11 ಕೆವಿ ಲೈನ್ ಬೇರೆ ಹೋಗಿದೆ, ನಮ್ಮ ಗೋಡೆಯಿಂದ ಸುಮಾರು ಆರಡಿ ದೂರ. ಮೇಲೆ ಮೂರಡಿ ಬಾಲ್ಕನಿ ಬರುತ್ತದೆ. ನಾನು ಎಂಜಿನಿಯರ್ ಅಲ್ಲ. ಏನೇನು ನೋಡಬೇಕು, ಯಾರಿಗೆ ಏನು ಹೇಳಬೇಕು, ತಿಳಿಸಿ.

ಉತ್ತರ:

ಮೊದಲು ಆ ವೈಬ್ರೇಟರನ್ನು ಇವತ್ತೇ ಪಕ್ಕಕ್ಕೆ ಇಡಿಸಿ. ಬಾಡಿಗೆಯದ್ದಾದರೆ ಶಾಕ್ ಹೊಡೆಯುತ್ತದೆ ಅಂತ ಹೇಳಿಯೇ ವಾಪಸ್ ಕಳಿಸಿ. ಸುಮ್ನೆ ಕಳಿಸಿದರೆ ನಾಳೆ ಅದು ಇನ್ನೊಬ್ಬರ ಸೈಟಿಗೆ ಹೋಗುತ್ತದೆ. ಉಳಿದದ್ದನ್ನು ಆಮೇಲೆ ಓದಿ.

ಈಗ ಆ ‘ಜುಮ್’ ವಿಷಯ. ನಮ್ಮ ಸೈಟುಗಳಲ್ಲಿ ಜನ ಸಾಯುವುದಕ್ಕೆ ಈ ಒಂದು ಮಾತೇ ದೊಡ್ಡ ಕಾರಣ ಅಂತ ನನಗೆ ಅನಿಸುತ್ತದೆ. ಕರೆಂಟಿನಲ್ಲಿ ಸಣ್ಣ ಶಾಕ್, ದೊಡ್ಡ ಶಾಕ್ ಅಂತ ಎರಡು ಜಾತಿ ಇಲ್ಲ. ಆ ಹುಡುಗನ ಕೈಗೆ ಸಿಕ್ಕಿದ್ದು 230 ವೋಲ್ಟ್. ಸಾಯಿಸುವುದೂ ಅದೇ 230 ವೋಲ್ಟ್. ನಡುವಿನ ವ್ಯತ್ಯಾಸ ಅವನ ಚಪ್ಪಲಿ, ಅವನ ಅಂಗೈ ಎಷ್ಟು ಒಣಗಿತ್ತು ಅನ್ನುವುದು, ಅವನು ನಿಂತಿದ್ದ ಜಾಗ, ಇಷ್ಟೇ.

ಲೆಕ್ಕ ಹಾಕಿ ನೋಡಿ. ಒಣ ಕೈ, ಒಣ ಚಪ್ಪಲಿ ಇದ್ದಾಗ ದೇಹ ಮತ್ತು ಚಪ್ಪಲಿ ಸೇರಿ ಒಂದು ಲಕ್ಷ ಓಮ್ ತಡೆ ಒಡ್ಡಿತು ಅಂದುಕೊಳ್ಳಿ. ಆಗ ಹರಿಯುವುದು ಸುಮಾರು 2 ಮಿಲಿ ಆಂಪಿಯರ್. ಜುಮ್ ಅನ್ನುತ್ತದೆ. ಅದೇ ಹುಡುಗ ಬರಿಗಾಲಲ್ಲಿ ಹಸಿ ಕಾಂಕ್ರೀಟಿನಲ್ಲಿ ನಿಂತು, ಸಿಮೆಂಟ್ ನೀರು ಮೆತ್ತಿದ ಕೈಯಲ್ಲಿ ಮಷೀನು ಹಿಡಿದರೆ ಆ ತಡೆ ಸಾವಿರ ಓಮಿನ ಹತ್ತಿರಕ್ಕೆ ಇಳಿಯಬಹುದು. ಆಗ ಹರಿಯುವುದು 200 ಮಿಲಿ ಆಂಪಿಯರಿಗೂ ಜಾಸ್ತಿ. ಹತ್ತು-ಹದಿನೈದು ಮಿಲಿ ಆಂಪಿಯರ್ ಆದರೆ ಕೈಯ ಸ್ನಾಯು ಬಿಗಿದುಕೊಂಡು, ಹಿಡಿದದ್ದನ್ನು ಬಿಡಲಿಕ್ಕೇ ಆಗುವುದಿಲ್ಲ. ‘ಕರೆಂಟು ಹಿಡಿದುಕೊಂಡಿತು’ ಅನ್ನುತ್ತಾರಲ್ಲ, ಹಿಡಿದುಕೊಳ್ಳುವುದು ಕರೆಂಟಲ್ಲ, ನಮ್ಮದೇ ಕೈ. ಇನ್ನೂ ಮೇಲೆ ಹೋಗಿ 50, 100 ಮಿಲಿ ಆಂಪಿಯರ್ ಎದೆಯ ಮೂಲಕ ಸೆಕೆಂಡಿನಷ್ಟು ಹೊತ್ತು ಹರಿದರೆ ಹೃದಯ ಲಯ ತಪ್ಪಿ ಸುಮ್ಮನೆ ನಡುಗತೊಡಗುತ್ತದೆ, ರಕ್ತ ಪಂಪ್ ಮಾಡುವುದಿಲ್ಲ.

ಅಂದರೆ ಮೊನ್ನೆಯ ಜುಮ್ ಒಂದು ಪೂರ್ತಿ ಅಪಾಯ. ಅವತ್ತು ಅದೃಷ್ಟ ಇತ್ತು, ತಪ್ಪಿತು. ಮೋಲ್ಡ್ ದಿನ ಆ ಅದೃಷ್ಟ ಇರುವುದಿಲ್ಲ, ಯಾಕೆಂದರೆ ಅವತ್ತು ಎಲ್ಲರೂ ಒದ್ದೆ.

ಇನ್ನು ನಿಮ್ಮ ಎಲೆಕ್ಟ್ರಿಷಿಯನ್ ಹೇಳಿದ ಮಾತು. ಅವರು ಸುಳ್ಳು ಹೇಳುತ್ತಿಲ್ಲ, ಅವರಿಗೆ ಹಾಗೇ ಕಲಿಸಿದ್ದಾರೆ. ಎಂಸಿಬಿ ಅಂದರೆ ಕರೆಂಟು ಮಿತಿ ಮೀರಿ ಹರಿದಾಗ ತಾನೇ ಬಿದ್ದು ಲೈನ್ ಕತ್ತರಿಸುವ ಬೋರ್ಡಿನ ಸ್ವಿಚ್. ಆದರೆ ಅದು ಇರುವುದು ವೈರನ್ನು ಕಾಪಾಡಲಿಕ್ಕೆ, ಮನುಷ್ಯರನ್ನಲ್ಲ. 16 ಆಂಪಿಯರಿನ ಎಂಸಿಬಿ ಅಂದರೆ ಅದಕ್ಕಿಂತ ಸಾಕಷ್ಟು ಜಾಸ್ತಿ ಹರಿದಾಗ ಮಾತ್ರ ಬೀಳುತ್ತದೆ. ಮನುಷ್ಯ ಸಾಯಲಿಕ್ಕೆ ಬೇಕಾದದ್ದು 0.1 ಆಂಪಿಯರ್. ಎಂಸಿಬಿ ಕಣ್ಣಿಗೆ ಅದು ಒಂದು ಸಣ್ಣ ಬಲ್ಬಿಗಿಂತ ಹೆಚ್ಚಲ್ಲ. ನಿಮ್ಮ ಕೆಲಸದವರು ಮಷೀನಿಗೆ ಅಂಟಿಕೊಂಡಿದ್ದರೂ ಎಂಸಿಬಿ ಆರಾಮಾಗಿ ಆನ್ ಆಗಿಯೇ ಇರುತ್ತದೆ.

‘ಅರ್ತ್ ಇದೆಯಲ್ಲ’ ಅನ್ನುವುದು ಎರಡನೇ ನಂಬಿಕೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಅನುಭವಸ್ಥ ಎಲೆಕ್ಟ್ರಿಷಿಯನ್ನರೂ ಇಲ್ಲಿ ಎಡವುತ್ತಾರೆ. ಸೈಟಿನ ಅರ್ತ್ ಅಂದರೆ ಸಾಮಾನ್ಯವಾಗಿ ಒಂದು ಗುಂಡಿ, ಅದರಲ್ಲಿ ಒಂದು ಜಿಐ ಪೈಪು, ಸ್ವಲ್ಪ ಇದ್ದಿಲು, ಉಪ್ಪು. ಕೆಲವು ಕಡೆ ಅದೂ ಇಲ್ಲ, ಎರಡಡಿ ಕಂಬಿ ಮಣ್ಣಿಗೆ ಹೊಡೆದು ವೈರ್ ಸುತ್ತಿರುತ್ತಾರೆ. ನಿಮ್ಮದು ಒಳ್ಳೆಯ ಗುಂಡಿಯೇ ಇರಲಿ, ಅದರ ತಡೆ 10 ಓಮ್ ಅಂದುಕೊಳ್ಳೋಣ. ಮಷೀನಿನ ಹೊರಮೈಗೆ ಫೇಸ್ (ಕರೆಂಟು ಬರುವ ವೈರು) ತಾಗಿತು. ಗುಂಡಿಗೆ ಹರಿಯುವುದು 230 ಭಾಗ 10, ಅಂದರೆ 23 ಆಂಪಿಯರ್. ಬೋರ್ಡಿನಲ್ಲಿರುವುದು 32 ಆಂಪಿಯರಿನ ಎಂಸಿಬಿ. ಬೀಳುವುದೇ ಇಲ್ಲ! ಅಷ್ಟು ಹೊತ್ತೂ ಮಷೀನಿನ ಬಾಡಿಯ ಮೇಲೆ ಹೆಚ್ಚುಕಡಿಮೆ ಪೂರ್ತಿ ವೋಲ್ಟೇಜ್ ಹಾಗೇ ನಿಂತಿರುತ್ತದೆ. ಮನೆಗೆ ಅರ್ತ್ ಮಾಡಿದ್ದೂ ಹೌದು, ಶಾಕ್ ಹೊಡೆಯುವುದೂ ಹೌದು.

ಇದಕ್ಕೆ ಉತ್ತರ ಆರ್‌ಸಿಸಿಬಿ, ಅಂದರೆ ಕರೆಂಟಿನ ಸೋರಿಕೆ ಕಂಡರೆ ತಾನೇ ಬೀಳುವ ಸ್ವಿಚ್. ಮೇಸ್ತ್ರಿಗೆ ಬಾಯಲ್ಲಿ ಹೇಳಿದರೆ ಆರ್‌ಸಿಸಿ (ಕಂಬಿ ಹಾಕಿದ ಕಾಂಕ್ರೀಟ್) ಅಂತ ಕೇಳಿಸಬಹುದು, ಚೀಟಿಯಲ್ಲಿ ಬರೆದುಕೊಡಿ: 30 ಮಿಲಿ ಆಂಪಿಯರ್ ಆರ್‌ಸಿಸಿಬಿ. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲಿನಲ್ಲಿ ಅಷ್ಟೇ ವಾಪಸ್ ಬಂತಾ ಅಂತ ಅದು ಸದಾ ನೋಡುತ್ತಿರುತ್ತದೆ. ಬಂದದ್ದು ಕಡಿಮೆ ಅಂದರೆ ಉಳಿದದ್ದು ಬೇರೆ ಎಲ್ಲೋ ಸೋರುತ್ತಿದೆ, ಬಹುಶಃ ಒಬ್ಬ ಮನುಷ್ಯನ ಮೂಲಕ. ಸೋರಿಕೆ 30 ಮಿಲಿ ಆಂಪಿಯರ್ ಆದರೆ 0.3 ಸೆಕೆಂಡಿನೊಳಗೆ, ಅದರ ಐದು ಪಟ್ಟಾದರೆ 0.04 ಸೆಕೆಂಡಿನೊಳಗೆ ಲೈನ್ ಕತ್ತರಿಸಬೇಕು ಅನ್ನುವುದು ಅದರ ನಿಯಮ. ಶಾಕ್ ಹೊಡೆಯುವುದೇ ಇಲ್ಲ ಅಂತಲ್ಲ. ಹೊಡೆಯುತ್ತದೆ, ನೋವೂ ಆಗುತ್ತದೆ, ಆದರೆ ಹೃದಯದ ಲಯ ಕೆಡುವಷ್ಟು ಹೊತ್ತು ಇರುವುದಿಲ್ಲ. ಅರ್ತ್ ಗುಂಡಿ ಅಷ್ಟೇನೂ ಚೆನ್ನಾಗಿಲ್ಲದಿದ್ದರೂ ಇದು ಕೆಲಸ ಮಾಡುತ್ತದೆ, ಯಾಕೆಂದರೆ ಇದಕ್ಕೆ ಬೇಕಾದ ಸೋರಿಕೆ ಅಷ್ಟು ಸಣ್ಣದು. ಹಾಗಂತ ಅರ್ತ್ ಬಿಡಬೇಡಿ. ಅರ್ತ್ ಇದ್ದರೆ ಮಷೀನು ಕೆಟ್ಟ ಕ್ಷಣವೇ, ಯಾರೂ ಮುಟ್ಟುವ ಮೊದಲೇ ಆರ್‌ಸಿಸಿಬಿ ಬೀಳುತ್ತದೆ. ಅರ್ತ್ ಇಲ್ಲದಿದ್ದರೆ ಅದು ಬೀಳಲಿಕ್ಕೆ ಒಬ್ಬರು ಮುಟ್ಟಬೇಕು.

ಅಂಗಡಿಯಲ್ಲಿ ಒಂದು ಸಿಂಗಲ್ ಫೇಸ್ ಆರ್‌ಸಿಸಿಬಿಗೆ ಎರಡು-ಮೂರು ಸಾವಿರ ರೂಪಾಯಿ ಆದೀತು. ಮನೆ ಮುಗಿದ ಮೇಲೆ ಅದನ್ನೇ ಒಳಗಿನ ಬೋರ್ಡಿಗೂ ಹಾಕಿಕೊಳ್ಳಬಹುದು. ಮೋಲ್ಡ್ ದಿನ ಒಂದು ಹೊತ್ತಿನ ಊಟಕ್ಕೆ ಅದಕ್ಕಿಂತ ಜಾಸ್ತಿ ಖರ್ಚಾಗುತ್ತದೆ.

ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಕೆಲಸ ಶುರು ಮಾಡಿದ ಮೊದಲ ವರ್ಷಗಳಲ್ಲಿ ಒಂದು ಸೈಟಿನ ತಾತ್ಕಾಲಿಕ ಬೋರ್ಡನ್ನು ನಾನೇ ನಿಂತು ಕಟ್ಟಿಸಿದ್ದೆ. ಆರ್‌ಸಿಸಿಬಿ ಇತ್ತು. ಮಳೆ ಶುರುವಾದ ಮೇಲೆ ಅದು ಪದೇ ಪದೇ ಬೀಳತೊಡಗಿತು. ಕೆಲಸ ನಿಲ್ಲುತ್ತದೆ ಅಂತ ಯಾರೋ ಅದರ ಮುಂಚಿನಿಂದಲೇ ನೇರವಾಗಿ ಒಂದು ವೈರ್ ಎಳೆದುಕೊಂಡಿದ್ದರು. ಬೆಳಗ್ಗೆ ನಾನು ಅದನ್ನು ನೋಡಿದೆ. ಸಂಜೆ ಬಂದು ಸರಿ ಮಾಡಿಸುತ್ತೇನೆ ಅಂದುಕೊಂಡು ಇನ್ನೊಂದು ಸೈಟಿಗೆ ಹೋದೆ. ಮಧ್ಯಾಹ್ನ ಟೈಲ್ಸ್ ಕತ್ತರಿಸುತ್ತಿದ್ದ ಹುಡುಗ ತೀರಿಕೊಂಡ. ಕಟಿಂಗ್ ಮಷೀನಿಗೆ ನೀರು ಬಿಟ್ಟುಕೊಂಡು ನೆಲದಲ್ಲಿ ಕೂತು ಕೆಲಸ ಮಾಡುತ್ತಿದ್ದ. ಇಪ್ಪತ್ತು ವರ್ಷವೂ ಆಗಿರಲಿಲ್ಲ ಅವನಿಗೆ. ಆ ಆರ್‌ಸಿಸಿಬಿ ಬೆಳಗ್ಗೆಯಿಂದ ಬೀಳುತ್ತಿದ್ದದ್ದು ಅದೇ ಮಷೀನಿನಿಂದ. ಅದು ಹೇಳಿತ್ತು, ನಾವು ಕೇಳಿಸಿಕೊಳ್ಳಲಿಲ್ಲ.

ಆದ್ದರಿಂದ ಇದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ: ಆರ್‌ಸಿಸಿಬಿ ಪದೇ ಪದೇ ಬಿದ್ದರೆ ಅದು ಕೆಟ್ಟಿದೆ ಅಂತ ಮೊದಲೇ ತೀರ್ಮಾನಿಸಬೇಡಿ. ಎಲ್ಲ ಪ್ಲಗ್ಗುಗಳನ್ನೂ ಕೀಳಿಸಿ. ಅದನ್ನು ಮೇಲೆತ್ತಿ. ನಿಂತಿತಾ? ಈಗ ಒಂದೊಂದೇ ಪ್ಲಗ್ ಹಾಕುತ್ತಾ ಬನ್ನಿ. ಯಾವುದನ್ನು ಹಾಕಿದಾಗ ಬೀಳುತ್ತದೋ ಅದೇ ಕಳ್ಳ. ಆ ಮಷೀನನ್ನೋ ಕೇಬಲ್ಲನ್ನೋ ಮೋಟರ್ ವೈಂಡಿಂಗ್ ಅಂಗಡಿಗೆ ಕಳಿಸಿ, 500 ವೋಲ್ಟಿನ ಮೆಗ್ಗರ್ (ಇನ್ಸುಲೇಷನ್ ಎಷ್ಟು ಗಟ್ಟಿ ಅಂತ ಅಳೆಯುವ ಮೀಟರ್) ಹಾಕಿ ನೋಡಲು ಹೇಳಿ. ಒಂದು ಮೆಗಾಓಮ್ ಕೂಡ ಬರುತ್ತಿಲ್ಲ ಅಂದರೆ ಅದು ಸೈಟಿಗೆ ವಾಪಸ್ ಬರಬಾರದು. ಏನೂ ಹಾಕದಿದ್ದರೂ ಬೀಳುತ್ತಿದ್ದರೆ ಬೋರ್ಡಿನ ವೈರಿಂಗಿನಲ್ಲೇ ತಪ್ಪಿದೆ. ಆರ್‌ಸಿಸಿಬಿಯಿಂದ ಆಚೆ ಎಲ್ಲೋ ನ್ಯೂಟ್ರಲನ್ನು ಅರ್ತಿಗೆ ಸೇರಿಸಿರುತ್ತಾರೆ, ಇಲ್ಲವೇ ಬೇರೆ ಲೈನಿನ ನ್ಯೂಟ್ರಲ್ ಬಂದು ಕೂಡಿಕೊಂಡಿರುತ್ತದೆ. ಅದನ್ನು ಎಲೆಕ್ಟ್ರಿಷಿಯನ್ ಹುಡುಕಬೇಕು.

ಅದರ ಮೇಲೆ ಒಂದು ಟೆಸ್ಟ್ ಬಟನ್ ಇರುತ್ತದೆ. ಸೈಟಿನಲ್ಲಿ ದಿನಾ ಬೆಳಗ್ಗೆ ಕೆಲಸ ಶುರುವಾಗುವ ಮುಂಚೆ ಒತ್ತಿಸಿ. ಟಕ್ ಅಂತ ಬೀಳಬೇಕು. ಬೀಳದಿದ್ದರೆ ಹೊಸದು ಬರುವವರೆಗೆ ಕರೆಂಟಿನ ಕೆಲಸ ಬೇಡ. ಮೇಸ್ತ್ರಿಗೆ ಇದನ್ನು ದಿನದ ಪೂಜೆಯ ಹಾಗೆ ಒಪ್ಪಿಸಿಬಿಡಿ, ಊದಿನಕಡ್ಡಿ ಹಚ್ಚಿದ ಕೂಡಲೇ ಬಟನ್. ಥ್ರೀ ಫೇಸ್ ಲೈನ್ ತೆಗೆದುಕೊಂಡಿದ್ದರೆ ಅದಕ್ಕೆ ನಾಲ್ಕು ಪೋಲಿನ ಆರ್‌ಸಿಸಿಬಿ ಬೇಕು.

ಆರ್‌ಸಿಸಿಬಿ ಯಾವ್ಯಾವುದನ್ನು ತಡೆಯುವುದಿಲ್ಲ ಅನ್ನುವುದನ್ನೂ ಹೇಳಬೇಕು. ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಮುಟ್ಟಿದರೆ ಸೋರಿಕೆಯೇ ಇಲ್ಲವಲ್ಲ, ಅದಕ್ಕೆ ಗೊತ್ತಾಗದೆ ಹೋಗಬಹುದು. ಕಂಬದಿಂದ ನಿಮ್ಮ ಬೋರ್ಡಿನವರೆಗೆ ಬರುವ ಸರ್ವಿಸ್ ವೈರು ಅದರ ಕಾವಲಿನ ಹೊರಗಿದೆ. ಮುಂದಿರುವ 11 ಕೆವಿ ಲೈನಿಗೂ ಇದಕ್ಕೂ ಸಂಬಂಧವೇ ಇಲ್ಲ. ವೆಲ್ಡಿಂಗ್ ಟ್ರಾನ್ಸ್‌ಫಾರ್ಮರಿನಿಂದ ಹೋಲ್ಡರಿಗೆ ಬರುವ ಲೈನ್ ಕೂಡ ಬೇರೆಯೇ. ಅದರಲ್ಲಿ 60-80 ವೋಲ್ಟ್ ಇರುತ್ತದೆ, ಬೆವರಿ ಒದ್ದೆಯಾದವನಿಗೆ ಅಷ್ಟೂ ಅಪಾಯವೇ. ಗ್ರಿಲ್ ಕೆಲಸದವರು ಒಣ ಗ್ಲೌಸ್ ಇಲ್ಲದೆ ಹೋಲ್ಡರ್ ಮುಟ್ಟದಂತೆ ನೋಡಿಕೊಳ್ಳಿ.

ಬೋರ್ಡಿನ ವಿಷಯಕ್ಕೆ ಬರೋಣ. ನಿಮ್ಮ ಸೈಟಿನಲ್ಲಿ ಈಗ ಏನಿರಬಹುದು ಅಂತ ನೋಡದೆಯೇ ಊಹಿಸಬಲ್ಲೆ. ಒಂದು ಮರದ ಹಲಗೆ, ಅದನ್ನು ಕಾಲಮ್ಮಿನ ಕಂಬಿಗೆ ಬೈಂಡಿಂಗ್ ವೈರಿನಲ್ಲಿ ಕಟ್ಟಿದ್ದಾರೆ, ಮೇಲೆ ಸಿಮೆಂಟ್ ಚೀಲ ಹೊದಿಸಿದ್ದಾರೆ. ಸಾಕೆಟ್ಟಿಗೆ ಪ್ಲಗ್ ಇಲ್ಲ, ಬೋಳು ವೈರನ್ನೇ ತುರುಕಿ ಬೆಂಕಿಕಡ್ಡಿ ಸಿಕ್ಕಿಸಿದ್ದಾರೆ. ಅಲ್ವಾ? ಅದನ್ನು ಪೂರ್ತಿ ತೆಗೆಸಿ. ಮುಚ್ಚಳ ಇರುವ ಪ್ಲಾಸ್ಟಿಕ್ ಡಬ್ಬಿ, ಮಳೆ ತಾಗದ ಜಾಗ, ಎದೆ ಎತ್ತರ, ಕೆಳಗೆ ನೀರು ನಿಲ್ಲದ ನೆಲ, ಮುಂದೆ ಏನೂ ಅಡ್ಡ ಇಟ್ಟಿರಬಾರದು. ಓಡಿ ಬಂದು ಆಫ್ ಮಾಡಬೇಕಾದಾಗ ದಾರಿಯಲ್ಲಿ ಇಟ್ಟಿಗೆ ರಾಶಿ ಇದ್ದರೆ ಎಲ್ಲ ವ್ಯರ್ಥ. ನೀಲಿ ಬಣ್ಣದ ಇಂಡಸ್ಟ್ರಿಯಲ್ ಪ್ಲಗ್ ಮತ್ತು ಸಾಕೆಟ್ ಸಿಗುತ್ತವೆ, 230 ವೋಲ್ಟಿನವು, ಮುಚ್ಚಳ ಇರುತ್ತದೆ, ನೀರು ಎರಚಿದರೆ ತಡೆಯುತ್ತವೆ. ಥ್ರೀ ಫೇಸಿಗೆ ಕೆಂಪು ಬಣ್ಣದ್ದು. ಅವನ್ನೇ ಹಾಕಿಸಿ. ಬೆಂಕಿಕಡ್ಡಿ ಸಿಕ್ಕಿಸುವ ಅವಕಾಶವೇ ಅದರಲ್ಲಿಲ್ಲ.

ಕೇಬಲ್ ಮೂರು ಕೋರಿನದ್ದೇ ಆಗಬೇಕು: ಫೇಸ್, ನ್ಯೂಟ್ರಲ್, ಅರ್ತ್. ಮಷೀನಿನ ಜೊತೆ ಬಂದ ಮೂರು ಪಿನ್ನಿನ ಪ್ಲಗ್ಗನ್ನು ಕತ್ತರಿಸಿ ಎರಡು ಪಿನ್ನಿನದ್ದು ಹಾಕಿರುವುದು ತುಂಬಾ ಕಡೆ ಕಾಣುತ್ತದೆ. ಅಲ್ಲಿಗೆ ಅರ್ತ್ ಹೋಯಿತು, ನೀವು ಎಷ್ಟು ಚಂದದ ಗುಂಡಿ ತೋಡಿಸಿದ್ದರೂ ಲಾಭ ಇಲ್ಲ. ಮಷೀನಿನ ಮೇಲೆ ಚೌಕದೊಳಗೆ ಇನ್ನೊಂದು ಚೌಕದ ಗುರುತು ಇದ್ದರೆ ಮಾತ್ರ ಅದು ಡಬಲ್ ಇನ್ಸುಲೇಷನ್ನಿನದ್ದು, ಅದಕ್ಕೆ ಎರಡು ಪಿನ್ ನಡೆಯುತ್ತದೆ. ಆ ಗುರುತು ಇದ್ದರೂ ನೀರಿನಲ್ಲಿ ನೆನೆದರೆ ಅದೂ ನಂಬಿಕೆಗೆ ಅರ್ಹ ಅಲ್ಲ. ಡ್ರಿಲ್, ಗ್ರೈಂಡರಿನಂಥ ಸಣ್ಣ ಮಷೀನುಗಳಿಗೆ ಈಗ ಬ್ಯಾಟರಿಯವೇ ಬಂದಿವೆ, ಸಾಧ್ಯವಾದಷ್ಟು ಅವನ್ನೇ ತರಲು ಹೇಳಿ. ಬ್ರಿಟನ್ನಿನ ಸೈಟುಗಳಲ್ಲಿ ಕೈಯಲ್ಲಿ ಹಿಡಿಯುವ ಮಷೀನುಗಳನ್ನು ಹಳದಿ ಡಬ್ಬಿಯ ಟ್ರಾನ್ಸ್‌ಫಾರ್ಮರ್ ಇಟ್ಟು 110 ವೋಲ್ಟಿನಲ್ಲಿ ಓಡಿಸುತ್ತಾರೆ. ಅದರ ನಡುವನ್ನು ಅರ್ತ್ ಮಾಡಿರುವುದರಿಂದ ಮೈಗೆ ತಾಗಿದರೂ ನೆಲದ ಲೆಕ್ಕದಲ್ಲಿ 55 ವೋಲ್ಟ್ ಅಷ್ಟೇ. ನಮ್ಮಲ್ಲಿ ಅದು ರೂಢಿಯಲ್ಲಿಲ್ಲ, ಬರಬೇಕು ಅಂತ ನನ್ನ ಆಸೆ.

ವೈರ್ ಹೋಗುವ ದಾರಿ ನೋಡಿ. ಕಂಬಿಯ ಮೇಲೆ, ಸಾರ್ವೆಯ ಪೈಪಿನ ಮೇಲೆ, ಸೆಂಟ್ರಿಂಗ್ ಶೀಟಿನ ಅಂಚಿನ ಮೇಲೆ ಹಾದು ಹೋಗಬಾರದು. ಬೈಂಡಿಂಗ್ ವೈರಿನಿಂದ ಕೇಬಲ್ ಕಟ್ಟುವುದಂತೂ ಬೇಡವೇ ಬೇಡ. ಅದು ದಿನ ಕಳೆದ ಹಾಗೆ ಸಿಪ್ಪೆಯನ್ನು ಕುಯ್ದುಕೊಂಡು ಒಳಗೆ ಇಳಿಯುತ್ತದೆ, ಆಮೇಲೆ ಆ ಕಂಬಿಗಳ ಜಾಲ ಪೂರ್ತಿ ಲೈವ್. ಇದರಲ್ಲಿ ಒಂದು ಮೋಸ ಇದೆ. ಜಾಲದ ಮೇಲೆ ನಿಂತವರಿಗೆ ಏನೂ ಗೊತ್ತಾಗುವುದಿಲ್ಲ, ಯಾಕೆಂದರೆ ಅವರ ಕಾಲು, ಕೈ, ಸುತ್ತಲಿನ ಕಂಬಿ ಎಲ್ಲ ಒಂದೇ ವೋಲ್ಟೇಜಿನಲ್ಲಿರುತ್ತವೆ. ಕೆಳಗಿನಿಂದ ಬಂದು, ಒಂದು ಕಾಲು ಒದ್ದೆ ನೆಲದಲ್ಲಿ ಇಟ್ಟುಕೊಂಡೇ ಕಂಬಿ ಹಿಡಿದು ಹತ್ತಲು ಹೋಗುವವರಿಗೆ ಹೊಡೆಯುತ್ತದೆ. ಎಷ್ಟೋ ಸಲ ಅದು ಬಾಂಡ್ಲಿ ಹೊತ್ತು ಬರುವ ಹೆಂಗಸು. ಟೇಪ್ ಸುತ್ತಿದ ಜಾಯಿಂಟುಗಳನ್ನು ಎಣಿಸಿ. ಒಂದು ಕೇಬಲ್ಲಿನಲ್ಲಿ ಎರಡಕ್ಕಿಂತ ಜಾಸ್ತಿ ಕಂಡರೆ ಕೇಬಲ್ ಬದಲಾಯಿಸಿ ಅನ್ನುವುದು ನನ್ನ ಸ್ವಂತ ನಿಯಮ. ಆ ಎರಡೂ ನೆಲದಲ್ಲಿ ಬಿದ್ದಿರಬಾರದು.

ಸಂಪಿನ ಬಗ್ಗೆ ಪ್ರತ್ಯೇಕವಾಗಿ ಹೇಳಲೇಬೇಕು. ಸಂಪಿನೊಳಗೆ ಸಬ್‌ಮರ್ಸಿಬಲ್ ಮೋಟರ್ ಬಿಟ್ಟು ನೀರು ಖಾಲಿ ಮಾಡುತ್ತಾರೆ. ಸ್ವಲ್ಪ ನೀರು ಉಳಿದಾಗ, ಮೋಟರ್ ಓಡುತ್ತಿರುವಾಗಲೇ ಒಬ್ಬ ಪೊರಕೆ ಹಿಡಿದು ಇಳಿಯುತ್ತಾನೆ. ಮೋಟರಿನ ಸೀಲ್ ಹೋಗಿದ್ದರೆ ಆ ನೀರೇ ಲೈವ್. ಬಿದ್ದವನನ್ನು ಎತ್ತಲು ಇನ್ನೊಬ್ಬ ಇಳಿಯುತ್ತಾನೆ, ಅವನೂ ಹೋಗುತ್ತಾನೆ. ನೀರಿಗೆ ಮನುಷ್ಯ ಇಳಿಯುವ ಮುಂಚೆ ಪ್ಲಗ್ಗನ್ನೇ ಕಿತ್ತು ಮೇಲೆ ಇಟ್ಟಿರಬೇಕು. ಸ್ವಿಚ್ ಆಫ್ ಮಾಡಿದೆ ಅಂದರೆ ಸಾಲದು. ಎರಡು ಪಿನ್ ತಿರುವುಮುರುವಾಗಿ ಹಾಕಿದ್ದರೆ, ಬೋರ್ಡಿನಲ್ಲಿ ಫೇಸ್-ನ್ಯೂಟ್ರಲ್ ಅದಲುಬದಲಾಗಿದ್ದರೆ, ಸ್ವಿಚ್ ಕತ್ತರಿಸುವುದು ನ್ಯೂಟ್ರಲನ್ನು. ಮೋಟರ್ ನಿಂತಿರುತ್ತದೆ, ಫೇಸ್ ಮಾತ್ರ ಒಳಗೆ ಹಾಗೇ ಕೂತಿರುತ್ತದೆ. ಸಂಪಿನೊಳಗೆ ಬೆಳಕು ಬೇಕಾದರೆ ಬ್ಯಾಟರಿ ಟಾರ್ಚ್ ಕೊಡಿ, ವೈರಿನ ತುದಿಗೆ ಬಲ್ಬ್ ಕಟ್ಟಿ ಇಳಿಬಿಡಬೇಡಿ.

ಮೋಲ್ಡ್ ದಿನಕ್ಕೆ ನನ್ನ ಸಲಹೆ ನೇರವಾಗಿದೆ: ಪೆಟ್ರೋಲ್ ವೈಬ್ರೇಟರ್ ಬಾಡಿಗೆಗೆ ತನ್ನಿ. ಮಿಕ್ಸರ್ ಮತ್ತು ಲಿಫ್ಟು ಡೀಸೆಲಿನವು ಸಿಗುತ್ತವೆ. ಅವತ್ತು ಸ್ಲ್ಯಾಬ್ ಮೇಲೆ ಒಂದೂ ಕರೆಂಟಿನ ವೈರ್ ಇಲ್ಲದಂತೆ ಮಾಡಿಬಿಡಿ, ಅರ್ಧಕ್ಕರ್ಧ ಚಿಂತೆ ಮುಗಿಯಿತು. ಕರೆಂಟಿನ ವೈಬ್ರೇಟರೇ ಗತಿ ಅಂತಾದರೆ ಆರ್‌ಸಿಸಿಬಿ ಇರಲೇಬೇಕು, ಮೋಟರನ್ನು ಕಂಬಿಯ ಮೇಲೆ ಇಡದೆ ಒಣ ಹಲಗೆಯ ಮೇಲೆ ಇಡಬೇಕು, ಹಿಡಿಯುವವನಿಗೆ ಮೊಣಕಾಲಿನವರೆಗಿನ ಗಮ್‌ಬೂಟು ಮತ್ತು ರಬ್ಬರ್ ಗ್ಲೌಸ್ ಇರಬೇಕು. ಬಿಳಿ ನೂಲಿನ ಗ್ಲೌಸ್ ಕೊಡುತ್ತಾರೆ ನೋಡಿ, ಒದ್ದೆಯಾದ ಮೇಲೆ ಅದು ಬಟ್ಟೆಯಷ್ಟೇ. ಕೆಲಸ ರಾತ್ರಿಗೆ ಹೋಗುತ್ತದೆ ಅನಿಸಿದರೆ ಲೈಟುಗಳನ್ನು ಹಗಲಲ್ಲೇ ಕಟ್ಟಿಸಿಡಿ. ಕತ್ತಲಾದ ಮೇಲೆ ಒದ್ದೆ ಕೈಯಲ್ಲಿ ವೈರ್ ಜೋಡಿಸುವ ಪರಿಸ್ಥಿತಿ ಬರಬಾರದು.

ಈಗ ಆ 11 ಕೆವಿ ಲೈನ್. ನಿಮ್ಮ ಪ್ರಶ್ನೆಯಲ್ಲಿ ನನಗೆ ಅತಿ ಹೆಚ್ಚು ಗಾಬರಿ ಆದದ್ದು ಇದಕ್ಕೇ. ಗೋಡೆಯಿಂದ ಆರಡಿ, ಬಾಲ್ಕನಿ ಮೂರಡಿ, ಉಳಿದದ್ದು ಮೂರಡಿ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮದ ಪ್ರಕಾರ 11 ಕೆವಿ ಲೈನಿನಿಂದ ಕಟ್ಟಡದ ಯಾವ ಭಾಗಕ್ಕೂ ಅಡ್ಡಡ್ಡ ಕನಿಷ್ಠ 1.2 ಮೀಟರ್ ಇರಬೇಕು, ಅಂದರೆ ಹೆಚ್ಚುಕಡಿಮೆ ನಾಲ್ಕಡಿ. ಲೈನ್ ಕಟ್ಟಡದ ಮೇಲೆ ಹಾದು ಹೋಗುವುದಾದರೆ ಎತ್ತರದಲ್ಲಿ 3.7 ಮೀಟರ್. ಅದೂ ಗಾಳಿಗೆ ವೈರ್ ತೂಗಾಡಿ ಹತ್ತಿರ ಬಂದಾಗಿನ ಲೆಕ್ಕ, ಸುಮ್ಮನೆ ನಿಂತಾಗಿನದ್ದಲ್ಲ. ಹಾಗಾಗಿ ನಿಮ್ಮ ಬಾಲ್ಕನಿ ಈಗಿರುವ ಹಾಗೆ ಬರಲೇಬಾರದು. ಪ್ಲಾನ್ ಬದಲಿಸಿ ಬಾಲ್ಕನಿ ಒಳಗೆ ತೆಗೆದುಕೊಳ್ಳಿ, ಇಲ್ಲವೇ ಬೆಸ್ಕಾಂ ಉಪವಿಭಾಗದ ಕಚೇರಿಗೆ ಲೈನ್ ಸ್ಥಳಾಂತರಕ್ಕೆ ಅರ್ಜಿ ಕೊಡಿ. ಅವರು ಬಂದು ನೋಡಿ ಅಂದಾಜು ಪಟ್ಟಿ ಕೊಡುತ್ತಾರೆ, ಖರ್ಚು ನಿಮ್ಮದಾಗುತ್ತದೆ. ಬೇಸರ ಆಗುತ್ತದೆ, ಗೊತ್ತು. ಆದರೆ ನಾಳೆ ಆ ಬಾಲ್ಕನಿಯಲ್ಲಿ ಬಟ್ಟೆ ಒಣಗಿಸಲು ಉದ್ದನೆಯ ಸ್ಟೀಲ್ ಕೋಲು ಹಿಡಿದು ನಿಲ್ಲುವುದು ನಿಮ್ಮ ಮನೆಯವರೇ.

ಬಾಲ್ಕನಿ ಆಮೇಲಿನ ಮಾತು, ಕೆಲಸ ನಡೆಯುವಾಗಿನ ಅಪಾಯ ಇನ್ನೂ ಹತ್ತಿರದ್ದು. ಕಂಬಿ ಬರುವುದು 12 ಮೀಟರ್ ಉದ್ದದಲ್ಲಿ. ಮಾಳಿಗೆಗೆ ಏರಿಸುವಾಗ ಕೆಳಗಿನವನು ಕೊಡುತ್ತಾನೆ, ಮೇಲಿನವನು ಎಳೆದುಕೊಳ್ಳುತ್ತಾನೆ, ತುದಿ ತೂಗುತ್ತಾ ರಸ್ತೆ ಕಡೆಗೆ ಹೋಗುತ್ತದೆ. ಇಬ್ಬರ ಕಣ್ಣೂ ಕೈ ಹತ್ತಿರ, ತುದಿ ಎಲ್ಲಿದೆ ಅಂತ ಯಾರೂ ನೋಡುತ್ತಿರುವುದಿಲ್ಲ. ಅಲ್ಯೂಮಿನಿಯಂ ಏಣಿ, ಪ್ಲಾಸ್ಟರಿಂಗ್ ಪಟ್ಟಿ, ಸಾರ್ವೆಯ ಪೈಪು ಎಲ್ಲದರ ಕಥೆಯೂ ಇದೇ. 11 ಕೆವಿ ಗಜ ದೂರದಿಂದಲೇ ಮನುಷ್ಯರನ್ನು ಎಳೆದುಕೊಳ್ಳುತ್ತದೆ ಅಂತ ಜನ ಹೇಳುತ್ತಾರೆ, ಅದು ನಿಜ ಅಲ್ಲ. ಆ ವೋಲ್ಟೇಜ್ ಗಾಳಿಯಲ್ಲಿ ಹಾರುವುದು ಒಂದೆರಡು ಸೆಂಟಿಮೀಟರ್ ಅಷ್ಟೇ. ಕೊಲ್ಲುವುದು ನಮ್ಮ ಕೈಯಲ್ಲಿರುವ ವಸ್ತುವಿನ ಉದ್ದ. ಆದ್ದರಿಂದ ಕಂಬಿ, ಪೈಪು, ಏಣಿ ಎಲ್ಲ ಹಿಂದಿನ ಅಥವಾ ಪಕ್ಕದ ಕಡೆಯಿಂದಲೇ ಮೇಲೆ ಹೋಗಬೇಕು. ಕೆಳಗೇ ಅಳತೆಗೆ ಕತ್ತರಿಸಿ ಕಳಿಸಿದರೆ ಇನ್ನೂ ಒಳ್ಳೆಯದು. ಮುಂದಿನ ಭಾಗಕ್ಕೆ ಸೆಂಟ್ರಿಂಗ್ ಕಟ್ಟುವ ದಿನ ಸೆಕ್ಷನ್ ಆಫೀಸಿಗೆ ಮೊದಲೇ ಬರೆದುಕೊಟ್ಟು ಲೈನ್ ಆಫ್ ಮಾಡಿಸಿ. ಲೈನ್‌ಮನ್‌ಗಳು ಇದಕ್ಕೆ ‘ಎಲ್‌ಸಿ (ಲೈನ್ ಕ್ಲಿಯರ್) ತಗೊಳ್ಳೋದು’ ಅನ್ನುತ್ತಾರೆ. ಅವರು ಬಂದು, ಲೈನ್ ತೆಗೆದು, ಅರ್ತ್ ಮಾಡಿ, ‘ಈಗ ಮಾಡಿ’ ಅಂದ ಮೇಲೆಯೇ ಕೆಲಸ. ಕರೆಂಟ್ ಹೋಗಿದೆಯಲ್ಲ, ಬೇಗ ಮುಗಿಸೋಣ ಅಂತ ಹೋಗಬಾರದು. ಹೋದದ್ದು ಯಾವ ಗಳಿಗೆಯಲ್ಲಾದರೂ ಬರುತ್ತದೆ.

ಕೆಲವರು ಲೈನಿಗೆ ಪಿವಿಸಿ ಪೈಪ್ ತೊಡಿಸಿಕೊಂಡು ನಿಶ್ಚಿಂತೆಯಿಂದ ಇರುತ್ತಾರೆ. 11 ಕೆವಿಗೆ ಅದು ರಕ್ಷಣೆ ಅಲ್ಲ. ಪೈಪ್ ಇದೆ ಅನ್ನುವ ಧೈರ್ಯದಲ್ಲಿ ಜನ ಇನ್ನೂ ಹತ್ತಿರ ಹೋಗುತ್ತಾರೆ, ಅಷ್ಟೇ. ಕ್ಯೂರಿಂಗ್ ಮಾಡುವವರಿಗೂ ಹೇಳಿ, ಪೈಪಿನ ನೀರು ಲೈನಿನ ಕಡೆಗೆ ಚಿಮ್ಮಬಾರದು, ಬೋರ್ಡಿನ ಕಡೆಗೂ ಬೇಡ.

ಲೈನ್ ಹರಿದು ಬಿದ್ದರೆ ಹತ್ತಿರ ಹೋಗಬೇಡಿ. ಕಿಡಿ ಇಲ್ಲ, ಸದ್ದಿಲ್ಲ ಅಂದರೆ ಸತ್ತಿದೆ ಅಂತ ಅರ್ಥ ಅಲ್ಲ. 2023ರ ನವೆಂಬರ್ 19ರಂದು ಬೆಂಗಳೂರಿನ ಹೋಪ್ ಫಾರ್ಮ್ ಜಂಕ್ಷನ್ ಹತ್ತಿರ ಫುಟ್‌ಪಾತಿನ ಮೇಲೆ ಬಿದ್ದಿದ್ದ 11 ಕೆವಿ ವೈರ್ ತುಳಿದು ತಾಯಿ ಮತ್ತು ಒಂಬತ್ತು ತಿಂಗಳ ಮಗು ಹೋದದ್ದು ನಿಮಗೂ ನೆನಪಿರಬಹುದು. ಬಿದ್ದ ವೈರಿನ ಸುತ್ತ ನೆಲವೇ ಲೈವ್ ಆಗಿರುತ್ತದೆ. ಹತ್ತಿರ ಸಿಕ್ಕಿಕೊಂಡರೆ ಕಾಲುಗಳನ್ನು ಜೋಡಿಸಿಕೊಂಡು, ಎತ್ತದೆ, ಸಣ್ಣಗೆ ಜಾರಿಸುತ್ತಾ ಹಿಂದೆ ಬರಬೇಕು. ದೂರ ನಿಂತು 1912ಕ್ಕೆ ಫೋನ್ ಮಾಡಿ, ಆಚೀಚೆಯವರನ್ನು ತಡೆಯಿರಿ.

ಇನ್ನೊಂದು ಜಾಗ ಇದೆ, ಅದನ್ನು ಯಾರೂ ಕೇಳುವುದಿಲ್ಲ. ಕೆಲಸದವರ ಶೆಡ್. ನಮ್ಮ ಕಡೆಯ ಸೈಟುಗಳಿಗೆ ಯಾದಗಿರಿ, ರಾಯಚೂರು, ಕಲಬುರಗಿಯಿಂದ ಎಷ್ಟೋ ಸಂಸಾರಗಳು ಮಕ್ಕಳನ್ನು ಕಟ್ಟಿಕೊಂಡು ಬಂದು ತಗಡಿನ ಶೆಡ್ಡಿನಲ್ಲಿ ಇರುತ್ತವೆ. ಆ ಶೆಡ್ಡಿಗೆ ಒಂದು ಬಲ್ಬ್, ಒಂದು ಫ್ಯಾನ್, ಮೊಬೈಲ್ ಚಾರ್ಜರ್‌ಗೆ ಅಂತ ತೆಳ್ಳನೆಯ ವೈರೊಂದು ತಗಡಿನ ಅಂಚಿನ ಮೇಲಿಂದ ಒಳಗೆ ಹೋಗಿರುತ್ತದೆ. ತಗಡು ಆ ವೈರನ್ನು ಕುಯ್ಯುತ್ತದೆ. ಒಂದು ಮಳೆಯ ರಾತ್ರಿ ಗೋಡೆಯೇ ಲೈವ್. ಮಗು ಗೋಡೆಗೆ ಒರಗಿ ಮಲಗಿರುತ್ತದೆ. ದಯವಿಟ್ಟು ಇವತ್ತು ಸಂಜೆ ಹೋಗಿ ನೋಡಿ. ತಗಡಿನ ತೂತಿನಲ್ಲಿ ಪಿವಿಸಿ ಪೈಪಿನ ತುಂಡು ತೂರಿಸಿ ಅದರೊಳಗಿಂದ ವೈರ್ ಹೋಗಲಿ, ಆ ಲೈನ್ ಕೂಡ ಆರ್‌ಸಿಸಿಬಿಯಿಂದಲೇ ಬರಲಿ. ಅರ್ಧ ಗಂಟೆಯ ಕೆಲಸ.

ಯಾರಿಗಾದರೂ ಶಾಕ್ ಹೊಡೆದರೆ ಏನು ಮಾಡಬೇಕು ಅಂತ ಕೆಲಸ ಶುರುವಾಗುವ ಮುಂಚೆಯೇ ಎಲ್ಲರಿಗೂ ತೋರಿಸಿಡಿ. ಮೇಸ್ತ್ರಿಗೆ ಮಾತ್ರ ಅಲ್ಲ, ಮಣ್ಣು ಹೊರುವವರಿಗೂ, ಕನ್ನಡ ಬಾರದವರಿಗೂ. ಮೇನ್ ಸ್ವಿಚ್ ಎಲ್ಲಿದೆ ಅಂತ ಕೈ ಹಿಡಿದು ಕರೆದುಕೊಂಡು ಹೋಗಿ ತೋರಿಸಿ. ಹಿಡಿದುಕೊಂಡವನನ್ನು ಮುಟ್ಟಬಾರದು, ಮೊದಲು ಮೇನ್ ಆಫ್. ಅದು ಆಗದಿದ್ದರೆ ಒಣ ಮರದ ಕೋಲಿನಿಂದಲೋ ಒಣ ಪ್ಲಾಸ್ಟಿಕ್ ಪೈಪಿನಿಂದಲೋ ತಳ್ಳಬೇಕು. ಇದು 230 ವೋಲ್ಟಿಗೆ ಮಾತ್ರ, ರಸ್ತೆಯ ದೊಡ್ಡ ಲೈನಿಗೆ ಕೋಲು ಹಿಡಿದು ಹೋಗಬಾರದು. ಬಿಡಿಸಿದ ಮೇಲೆ ಕರೆದರೆ ಓಗೊಡುತ್ತಿಲ್ಲ, ಉಸಿರು ಸರಿಯಾಗಿ ಇಲ್ಲ ಅಂದರೆ ಒಬ್ಬರು 108ಕ್ಕೆ ಫೋನ್ ಮಾಡುತ್ತಿರುವಾಗಲೇ ಇನ್ನೊಬ್ಬರು ಎದೆಯ ನಡುವೆ ಎರಡೂ ಅಂಗೈ ಒಂದರ ಮೇಲೊಂದು ಇಟ್ಟು ಒತ್ತಲು ಶುರು ಮಾಡಬೇಕು. ನಿಮಿಷಕ್ಕೆ 100ರಿಂದ 120 ಸಲ, 5-6 ಸೆಂಟಿಮೀಟರ್ ಆಳ, ಆಂಬುಲೆನ್ಸ್ ಬರುವವರೆಗೂ ನಿಲ್ಲಿಸದೆ. ದಣಿವಾದರೆ ಇನ್ನೊಬ್ಬರು ಮುಂದುವರಿಸಲಿ. ಮಣ್ಣಿನಲ್ಲೋ ಮರಳಿನಲ್ಲೋ ಹೂತರೆ ಕರೆಂಟು ಇಳಿಯುತ್ತದೆ ಅನ್ನುವ ನಂಬಿಕೆ ಇನ್ನೂ ಇದೆ. ಮೈಯಲ್ಲಿ ಕರೆಂಟು ಉಳಿದಿರುವುದಿಲ್ಲ, ಇಳಿಯಲಿಕ್ಕೆ ಏನೂ ಇಲ್ಲ. ಹೂಳುವುದರಲ್ಲಿ ಕಳೆಯುವ ಆ ನಾಲ್ಕೈದು ನಿಮಿಷದಲ್ಲೇ ಬದುಕಬಹುದಾಗಿದ್ದವರು ಹೋಗಿಬಿಡುತ್ತಾರೆ. ಶಾಕ್ ಹೊಡೆದು ಸಾರ್ವೆಯಿಂದ ಬಿದ್ದಿದ್ದರೆ ಬೆನ್ನು, ಕುತ್ತಿಗೆಗೆ ಪೆಟ್ಟಾಗಿರಬಹುದು, ಎಬ್ಬಿಸಿ ಕೂರಿಸಬೇಡಿ.

ನಿಮ್ಮ ವೈಬ್ರೇಟರ್ ಹುಡುಗನ ವಿಷಯ ಒಂದು ಉಳಿಯಿತು. ಅವನು ಚೆನ್ನಾಗಿಯೇ ಇರಬಹುದು. ಆದರೂ ಎದೆ ಡವಡವ ಅನ್ನುತ್ತದಾ, ತಲೆ ಸುತ್ತುತ್ತದಾ, ಕೈ ಜೋಮು ಹಿಡಿದ ಹಾಗಿದೆಯಾ, ಅಂಗೈಯಲ್ಲಿ ಸುಟ್ಟ ಗುರುತು ಇದೆಯಾ ಅಂತ ನೀವೇ ಕೂತು ಕೇಳಿ. ಮೇಸ್ತ್ರಿ ಎದುರಿಗೆ ಕೇಳಬೇಡಿ, ಕೂಲಿ ಹೋಗುತ್ತದೆ ಅಂತ ಏನೂ ಇಲ್ಲ ಅನ್ನುತ್ತಾನೆ. ಅವನು ಏನೇ ಹೇಳಲಿ, ಒಂದು ಸಲ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಇಸಿಜಿ ತೆಗೆಸಿ. ಆ ದಿನದ ಕೂಲಿಯನ್ನೂ ಕೊಡಿ.